ಹಿರಿಯರೆಂದರೆ ಗಂಡಸರಷ್ಟೇ ಅಲ್ಲ

ಸಂಪಾದಕರಿಗೆ ನಮಸ್ಕಾರಗಳು.

ಪಿತೃಪಕ್ಷದ ನಿಮಿತ್ತ ಕಳೆದ ಭಾನುವಾರದ ಪುರವಣಿಯಲ್ಲಿ ಹಿರಿಯರ ಪೂಜೆಯ ಮೂಲ ಕುರಿತ ಲೇಖನವೊಂದನ್ನು ಪ್ರಕಟಿಸಿದ್ದೀರಿ. ಮನುಷ್ಯ ಬೇಸಾಯಕ್ಕಿಳಿದ, ಹೊಲಕ್ಕೆ ಬದು ಹಾಕಿದ, ಆ ಹೊಲ ಅಪ್ಪನಿಂದ ಮಗನಿಗೆ ಹೋಗತೊಡಗಿತು, ಆಗ ಸತ್ತ ಅಪ್ಪ-ಅಜ್ಜಂದಿರನ್ನು ಪೂಜಿಸುವುದು ಶುರುವಾಯಿತು ಎಂಬುದು ಅದರ ಸಾರ. ಹೆಣ್ಣುಮಕ್ಕಳು ಈ ಪೂಜೆಗೆ ಅಡುಗೆ ಮಾಡಿಕೊಟ್ಟವರೇ ಹೊರತು ಪೂಜೆ ಪಡೆದವರಲ್ಲ, ಮೊದಲಿನಿಂದಲೂ ಹಾಗೇ ಇತ್ತು ಎಂದು ಲೇಖಕರು ಮುಗಿಸಿದ್ದಾರೆ. ಇದನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ಯಾಕೆಂದು ಬರೆಯುತ್ತೇನೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಯಾದಗಿರಿ ಜಿಲ್ಲೆ ಹುಣಸಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಬಿ.ಎ.ಯಲ್ಲಿ ಇತಿಹಾಸ ಓದಿದ್ದೇನೆ. ಮನೆಯಲ್ಲಿ ಒಕ್ಕಲುತನವಿದೆ: ಎತ್ತರದ ಹೊಲದಲ್ಲಿ ತೊಗರಿ, ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹಾಯುವ ತಗ್ಗಿನಲ್ಲಿ ಭತ್ತ. ಬೇಸಾಯಗಾರರ ಮನೆಯಲ್ಲಿ ಹಿರಿಯರು ಯಾರು, ಅವರಿಗೆ ಎಡೆ ಹೇಗೆ ಹಿಡಿಯುತ್ತಾರೆ ಎಂಬುದನ್ನು ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ. ಲೇಖನದಲ್ಲಿ ಹೇಳಿದ ‘ಮೊದಲು’ ಎಂಬ ಕಾಲ ನಮ್ಮೂರಿನ ಸುತ್ತಲೇ ಮಣ್ಣಿನಡಿ ಬಿದ್ದಿದೆ. ಹಾಗಾಗಿ ಸುಮ್ಮನಿರಲಾಗಲಿಲ್ಲ.

ಹಳೆಯ ಸುರಪುರ ತಾಲ್ಲೂಕಿನ ಬೂದಿಹಾಳದಿಂದಲೇ ತೊಡಗುತ್ತೇನೆ. ಇಲ್ಲಿನ ಬೂದಿದಿಬ್ಬವನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1990ರ ದಶಕದಲ್ಲಿ ವರ್ಷಗಟ್ಟಲೆ ಅಗೆದು ನೋಡಿದರು. ಆಗ ಇದು ಇನ್ನೂ ಗುಲಬರ್ಗಾ ಜಿಲ್ಲೆ. ಅದಕ್ಕೂ ಮೊದಲು, 1960ರ ದಶಕದಲ್ಲಿ, ಅವರೇ ಕೊಡೇಕಲ್ಲಿನ ಬೂದಿದಿಬ್ಬವನ್ನು ಅಗೆದಿದ್ದರು. ರಾಕ್ಷಸರನ್ನು ಸುಟ್ಟ ಬೂದಿ ಇದು ಎಂದು ನಮ್ಮ ಕಡೆಯ ಮುದುಕರು ಇಂಥ ದಿಬ್ಬಗಳ ಬಗ್ಗೆ ಹೇಳುತ್ತಾರೆ. ಅದು ದನದ ಸಗಣಿಯ ಬೂದಿ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿದ್ದ ಜನ ದೊಡ್ಡ ದೊಡ್ಡ ದೊಡ್ಡಿಗಳಲ್ಲಿ ದನ ಕಟ್ಟುತ್ತಿದ್ದರು, ಕೂಡಿಬಿದ್ದ ಸಗಣಿಗೆ ಆಗಾಗ ಬೆಂಕಿ ಇಡುತ್ತಿದ್ದರು. ತಲೆಮಾರುಗಟ್ಟಲೆ ಹೀಗೆ ನಡೆದು ಬೂದಿ ದಿಬ್ಬವಾಯಿತು. ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಆಲ್ಚಿನ್ ಎಂಬವರು ಅಗೆದಾಗ ದನದ ಗೊರಸಿನ ಗುರುತುಗಳೇ ಕಂಡವು.

ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲೇ ಜನ ವಾಸವಿದ್ದರು. ದನ ಕೊಯ್ದು ಪಾಲು ಮಾಡಿದ ನೆಲ ಸಿಕ್ಕಿದೆ, ಕಲ್ಲಿನ ಅಲಗು ಮಾಡುತ್ತಿದ್ದ ಜಾಗ ಸಿಕ್ಕಿದೆ. ಹುರಳಿ, ಹೆಸರು, ಕೊರಲೆ ಇವು ಆ ಕಾಲದ ದಕ್ಷಿಣದ ಜನ ಬೆಳೆದು ತಿಂದ ಕಾಳುಗಳು. ನಮ್ಮ ಜೋಳ ಆಫ್ರಿಕಾದಿಂದ ಬಂದದ್ದು ಆಮೇಲೆ. ರೊಟ್ಟಿ ಬಡಿಯುವ ಸದ್ದಿಲ್ಲದ ನಮ್ಮ ಸೀಮೆಯ ಅಡುಗೆಮನೆಯನ್ನು ಕಲ್ಪಿಸಿಕೊಳ್ಳುವುದೇ ನನಗೆ ಕಷ್ಟ, ಆದರೆ ಅದೂ ಒಂದು ಕಾಲ.

ಆ ವಾಸದ ಜಾಗದಲ್ಲೇ ಮಕ್ಕಳ ಸಮಾಧಿಗಳೂ ಸಿಕ್ಕವು. ಕೂಸುಗಳನ್ನು ಗಡಿಗೆಯಲ್ಲಿಟ್ಟು ಹೂಳಿದ್ದರು. ಊರಾಚೆ ಒಯ್ದಿರಲಿಲ್ಲ, ತಾವು ಉಂಡು ಮಲಗುವ ಕಡೆಯಲ್ಲೇ ಇಟ್ಟುಕೊಂಡಿದ್ದರು. ಬೂದಿಹಾಳದಲ್ಲಷ್ಟೇ ಹೀಗಿರಲಿಲ್ಲ. ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆದಾಗ ಕೂಸುಗಳು ಮಣ್ಣಿನ ಪಾತ್ರೆಯಲ್ಲೇ ಸಿಕ್ಕವು. ಬಳ್ಳಾರಿಯ ತೆಕ್ಕಲಕೋಟೆಯಲ್ಲೂ ಮನೆಯ ಜಾಗದಲ್ಲೇ ಸಮಾಧಿಗಳಿದ್ದವು. ಮಹಾರಾಷ್ಟ್ರದ ಇನಾಮಗಾಂವದಲ್ಲಿ 1968ರಿಂದ 1983ರವರೆಗೆ ಉತ್ಖನನ ನಡೆಯಿತು. ಅಲ್ಲಿನ ವಾಸ ಸುಮಾರು ಕ್ರಿ.ಪೂ. 1600ರಿಂದ 700ರವರೆಗಿನದು. ಅಲ್ಲಿ ಮನೆಯ ನೆಲದಡಿ ಎರಡು ಗಡಿಗೆಗಳನ್ನು ಅಡ್ಡ ಮಲಗಿಸಿ, ಬಾಯಿಗೆ ಬಾಯಿ ಕೂಡಿಸಿ, ಒಳಗೆ ಕೂಸನ್ನಿಟ್ಟಿದ್ದರು. ಸಿಕ್ಕ ಸಮಾಧಿಗಳಲ್ಲಿ ಹೆಚ್ಚಿನವು ಮಕ್ಕಳದೇ. ದೊಡ್ಡವರನ್ನು ಉದ್ದಕ್ಕೆ ಮಲಗಿಸಿ ಹೂಳಿದ್ದರು, ಹಲವರ ಪಾದಗಳನ್ನು ಹರಡಿನ ಕೆಳಗೆ ಕತ್ತರಿಸಿದ್ದರು. ಸತ್ತವರು ಎದ್ದು ಮನೆ ಬಿಟ್ಟು ಹೋಗದಿರಲಿ ಎಂದು ಹಾಗೆ ಮಾಡಿರಬಹುದು ಎಂದು ಅಗೆದವರು ಊಹಿಸಿದ್ದಾರೆ. ಮನೆಯೊಂದರ ನೆಲದಡಿ ಮಣ್ಣಿನ ಪೆಟ್ಟಿಗೆ, ಹೆಣ್ಣಿನ ಮಣ್ಣಿನ ಗೊಂಬೆ, ಜೊತೆಗೊಂದು ಗೂಳಿಯೂ ಸಿಕ್ಕವು.

ಈ ಗಡಿಗೆಗಳನ್ನು ಲೇಖಕರು ಎಲ್ಲಿ ಸೇರಿಸುತ್ತಾರೆ? ಹಾಲು ಕುಡಿಯುವ ಕೂಸಿಗೆ ಹೊಲವಿಲ್ಲ, ಮಗನಿಲ್ಲ, ವಂಶವಿಲ್ಲ. ಆಸ್ತಿಯ ಹಕ್ಕು ಸಾಧಿಸಲು ಹೆಣ ಹೂಳುತ್ತಿದ್ದರೆ ಕೂಸನ್ನು ಒಲೆಯ ಹತ್ತಿರ ಇಟ್ಟುಕೊಳ್ಳುವ ಪ್ರಮೇಯವೇ ಇರಲಿಲ್ಲ. ಅದು ನಮ್ಮ ಮನೆಯದು, ನಮ್ಮ ಹತ್ತಿರವೇ ಇರಲಿ ಎಂಬುದಕ್ಕಿಂತ ಬೇರೆ ಕಾರಣ ನನಗಂತೂ ಕಾಣುವುದಿಲ್ಲ.

ಬೇಸಾಯ ಮೊದಲು ಹುಟ್ಟಿದ ನಾಡುಗಳ ಮಾತು ಲೇಖನದಲ್ಲಿದೆ, ಆದರೆ ಹಳೆಯ ಮಾತು. ಪ್ಯಾಲೆಸ್ಟೀನಿನ ಜೆರಿಕೊದಲ್ಲಿ 1953ರಲ್ಲಿ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಅವರಿಗೆ ಸಿಕ್ಕ ತಲೆಬುರುಡೆಗಳ ವಿಷಯ ಬರೆದಿದ್ದಾರೆ. ಸತ್ತವರ ತಲೆಯನ್ನು ತೆಗೆದು, ಅದರ ಮೇಲೆ ಗಾರೆ ಮೆತ್ತಿ ಮೂಗು, ಕೆನ್ನೆ ತಿದ್ದಿ, ಕಣ್ಣಿನ ಗುಳಿಗೆ ಕವಡೆ-ಚಿಪ್ಪು ಕೂಡಿಸಿದ ಬುರುಡೆಗಳವು. ಅವು ಕುಲದ ಹಿರಿಯ ಗಂಡಸರದ್ದು ಎಂದು ಆಗ ಎಲ್ಲರೂ ನಂಬಿದ್ದರು, ಲೇಖಕರೂ ಅಲ್ಲಿಗೇ ನಿಂತಿದ್ದಾರೆ. ಆ ಸೀಮೆಯಲ್ಲಿ ಸಿಕ್ಕ ಇಂಥ ಬುರುಡೆಗಳ ಹಲ್ಲು, ದವಡೆಗಳನ್ನು ಆಮೇಲೆ ಮತ್ತೆ ಪರೀಕ್ಷಿಸಿದ್ದಾರೆ. ಅವುಗಳಲ್ಲಿ ಹೆಂಗಸರಿದ್ದಾರೆ, ಹರೆಯದವರಿದ್ದಾರೆ, ಮಕ್ಕಳೂ ಇದ್ದಾರೆ. ಇದು ಹೊರಬಿದ್ದು ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು.

ಟರ್ಕಿ ದೇಶದ ಕೊನ್ಯಾ ಬಯಲಿನ ಚತಾಲ್‌ಹೊಯುಕ್ ಎಂಬ ಊರಿನ ಹೆಸರು ಲೇಖನದಲ್ಲಿ ಇಲ್ಲವೇ ಇಲ್ಲ. ಮನೆ ಮತ್ತು ಹಿರಿಯರ ಮಾತು ಬಂದಾಗ ಅದನ್ನು ಬಿಟ್ಟು ಮುಂದೆ ಹೋಗುವುದು ಹೇಗೆ? ಸುಮಾರು 9000 ವರ್ಷಗಳ ಹಿಂದಿನ ಊರು. ಮೊದಲು 1961ರಿಂದ 65ರವರೆಗೆ ಮೆಲಾರ್ಟ್, ಆಮೇಲೆ 1993ರಿಂದ ಇಪ್ಪತ್ತೈದು ವರ್ಷ ಇಯಾನ್ ಹಾಡರ್ ಅವರ ತಂಡ ಅಲ್ಲಿ ಅಗೆಯಿತು. ಸುರಪುರದ ಕಡೆಯ ಉಪನ್ಯಾಸಕರೊಬ್ಬರು ಆ ಉತ್ಖನನದ ಬಗ್ಗೆ ಬರೆದ ಪುಟಗಳ ನಕಲು ಮಾಡಿಸಿ ನಮ್ಮ ಗ್ರಂಥಾಲಯಕ್ಕೆ ಕೊಟ್ಟಿದ್ದಾರೆ. ಓದಿದಷ್ಟೂ ಅದು ಬೇರೆ ದೇಶ ಅನಿಸುವುದಿಲ್ಲ.

ಮನೆಗೆ ಮನೆ ಅಂಟಿದ ಊರು, ಓಣಿಗಳಿಲ್ಲ. ಮಾಳಿಗೆಯ ಮೇಲೇ ಓಡಾಟ. ಮಾಳಿಗೆಯ ಬೆಳಕಿಂಡಿಯಿಂದ ನಿಚ್ಚಣಿಕೆ ಇಳಿದು ಮನೆಯೊಳಗೆ ಬರಬೇಕು. ನಿಚ್ಚಣಿಕೆಯ ಬುಡದಲ್ಲೇ ಒಲೆ, ಅದರ ಹೊಗೆಯೂ ಆ ಬೆಳಕಿಂಡಿಯಿಂದಲೇ ಹೋಗಬೇಕು. ಒಲೆಯ ಕಡೆಯ ನೆಲ ಕೆಲಸಕ್ಕೆ. ಆಚೆ ಬದಿಗೆ ಎತ್ತರದ ಕಟ್ಟೆಗಳು, ಅವುಗಳನ್ನು ಬಿಳಿ ಮಣ್ಣಿನಿಂದ ಮತ್ತೆ ಮತ್ತೆ ಸಾರಿಸುತ್ತಿದ್ದರು. ಕಟ್ಟೆಯ ಮೇಲೆ ಬದುಕಿದ್ದವರು ಮಲಗುತ್ತಿದ್ದರು, ಅದರಡಿಯಲ್ಲಿ ಸತ್ತವರು. ಯಾರಾದರೂ ತೀರಿಕೊಂಡರೆ ಕಟ್ಟೆ ಅಗೆದು, ಮೊದಲಿದ್ದವರ ಎಲುಬನ್ನು ಬದಿಗೆ ಸರಿಸಿ, ಹೊಸಬರನ್ನು ಮುದುರಿಸಿ ಮಲಗಿಸಿ, ಮೇಲೆ ಸಾರಿಸಿ ಮತ್ತೆ ಬಾಳುವೆ. ಹಸುಗೂಸುಗಳು ಮಾತ್ರ ಹೆಚ್ಚಾಗಿ ಒಲೆಯ ಕಡೆಯ ನೆಲದಡಿ. ಒಂದು ಮನೆಯಡಿ 60ಕ್ಕೂ ಹೆಚ್ಚು ಜನ ಸಿಕ್ಕರು, ಕೆಲವು ಮನೆಗಳಡಿ ಯಾರೂ ಇಲ್ಲ. ಮನೆ ಹಳತಾದರೆ ಕಂಬ ಕಿತ್ತು, ಗೋಡೆ ಕೆಡವಿ, ಒಳಗೆ ಮಣ್ಣು ತುಂಬಿ, ಅದೇ ಗೋಡೆಯ ಮೇಲೆ ಗೋಡೆ, ಅದೇ ಒಲೆಯ ಜಾಗಕ್ಕೆ ಒಲೆ. ನೂರಾರು ವರ್ಷ ಹೀಗೆ. ನಮ್ಮಲ್ಲೂ ಮಣ್ಣಿನ ಮಾಳಿಗೆ ಬಿಚ್ಚಿ ಹೊಸ ಮನೆ ಕಟ್ಟುವಾಗ ದೇವರ ಜಗಲಿಯ ದಿಕ್ಕು ಬದಲಿಸಲು ಎಷ್ಟು ಮನೆಯ ಹಿರಿಯರು ಒಪ್ಪುತ್ತಾರೆ?

ಆ ಎಲುಬುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕೆಲುಬು. ವಯಸ್ಸಾಗಿ ಸತ್ತವರ ಪಕ್ಕೆಲುಬಿನ ಒಳಮೈಗೆ ಕಪ್ಪು ಮಸಿ ಅಂಟಿತ್ತು. ಬದುಕಿಡೀ ಒಳಗೆಳೆದುಕೊಂಡ ಒಲೆಯ ಹೊಗೆ ಪುಪ್ಪುಸದಲ್ಲಿ ಕೂತು, ಪುಪ್ಪುಸ ಕರಗಿದ ಮೇಲೆ ಎಲುಬಿಗೆ ಹತ್ತಿಕೊಂಡಿದೆ. ಗ್ಯಾಸ್ ಬರುವವರೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಉರಿಸಿದ ನನ್ನ ಅತ್ತೆಗೆ ಇವತ್ತಿಗೂ ಬೆಳಗಿನ ಜಾವದ ಕೆಮ್ಮು ಬಿಟ್ಟಿಲ್ಲ. ಆ ಸಾಲುಗಳನ್ನು ಓದಿ ಹೇಳಿದಾಗ ಅವರು ತಮ್ಮ ಎದೆಯ ಮೇಲೆ ಕೈ ಇಟ್ಟು ನೋಡಿಕೊಂಡರು. ನನ್ನ ತಕರಾರಿಗೆ ಬೇಕಾದ ಸಾಕ್ಷಿಯೂ ಇದರಲ್ಲೇ ಇದೆ. ಆ ಮಸಿ ಹೆಂಗಸರ ಎಲುಬಿನಲ್ಲಿ ಹೆಚ್ಚು, ಗಂಡಸರದರಲ್ಲಿ ಕಡಿಮೆ ಎಂದಿರಲಿಲ್ಲ, ಇಬ್ಬರದರಲ್ಲೂ ಒಂದೇ ಸಮ. ಅಂದರೆ ಇಬ್ಬರೂ ಅಷ್ಟೇ ಹೊತ್ತು ಒಲೆಯ ಮುಂದೆ ಇದ್ದರು. ಹೆಣ್ಣು ಅಡುಗೆಗೆ, ಗಂಡು ಪೂಜೆಗೆ ಎಂಬ ಪಾಲು ಆ ಮನೆಗಳಲ್ಲಿ ಆಗಿರಲಿಲ್ಲ.

2004ರಲ್ಲಿ ಅಲ್ಲಿ ಒಬ್ಬ ಹೆಣ್ಣುಮಗಳ ಸಮಾಧಿ ಸಿಕ್ಕಿತು. ಆಕೆಯ ತೋಳಿನಲ್ಲಿ ಗಾರೆ ಮೆತ್ತಿದ ತಲೆಬುರುಡೆ, ಎದೆಗೆ ಅವಚಿಕೊಂಡಂತೆ. ಬುರುಡೆಗೆ ಕೆಮ್ಮಣ್ಣಿನ ಬಣ್ಣವನ್ನು ಒಂದು ಸಲವಲ್ಲ, ಹಲವು ಸಲ ಬಳಿದಿದ್ದರು. ಅಂದರೆ ಅದನ್ನು ಬಹುಕಾಲ ಮನೆಯಲ್ಲಿಟ್ಟುಕೊಂಡು, ಮಾಸಿದಾಗಲೆಲ್ಲ ಮತ್ತೆ ಬಳಿದು, ಕೊನೆಗೆ ಆಕೆಯ ಕೈಗೆ ಕೊಟ್ಟು ಕಳಿಸಿದ್ದಾರೆ. ಹಿರಿಯರನ್ನು ಕಾಪಾಡಿಕೊಂಡು ಬಂದವಳು ಹೆಣ್ಣು ಎಂದು ನಾನು ಓದುತ್ತೇನೆ. ಬೇರೆಯವರು ಬೇರೆ ರೀತಿ ಓದಲಿ, ಆದರೆ ಆಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಿರಿಯರ ಪೂಜೆಯ ಚರಿತ್ರೆ ಬರೆಯಬಾರದು.

ಇನ್ನು ರಕ್ತಸಂಬಂಧ. 2011ರಲ್ಲಿ ಅಲ್ಲಿನವರ ಹಲ್ಲಿನ ಆಕಾರ ಅಳೆದು ನೋಡಿದಾಗ, ಒಂದೇ ಮನೆಯ ನೆಲದಡಿ ಮಲಗಿದವರು ಒಬ್ಬರಿಗೊಬ್ಬರು ಹತ್ತಿರದ ಬಂಧುಗಳಂತೆ ಕಾಣಲಿಲ್ಲ. 2025ರಲ್ಲಿ ಡಿಎನ್‌ಎ ಪರೀಕ್ಷೆಯ ದೊಡ್ಡ ಅಧ್ಯಯನ ಬಂತು. ಮನೆಯೊಳಗೆ ರಕ್ತಸಂಬಂಧ ಇದ್ದ ಕಡೆ ಅದು ಹೆಚ್ಚಾಗಿ ತಾಯಿಯ ಕಡೆಯಿಂದ ಬಂದದ್ದು, ಹುಟ್ಟಿದ ಮನೆಯ ನಂಟು ಉಳಿಸಿಕೊಂಡವರು ಹೆಣ್ಣುಮಕ್ಕಳು. ಕಾಲ ಸರಿದಂತೆ ರಕ್ತಸಂಬಂಧ ಇಲ್ಲದವರೂ ಒಂದೇ ನೆಲದಡಿ ಸೇರುತ್ತ ಹೋದರು. ಅವರನ್ನೆಲ್ಲ ಕೂಡಿಸಿದ್ದು ಮನೆ.

ಲೇಖಕರ ಮಾತು ಎಲ್ಲಿಯೂ ನಿಜವಲ್ಲ ಎಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಹೇಝಲ್ಟನ್ ನಾರ್ತ್ ಎಂಬಲ್ಲಿ ಸುಮಾರು 5700 ವರ್ಷ ಹಳೆಯ ಕಲ್ಲುಗುಡ್ಡೆಯ ಸಮಾಧಿ ಇದೆ, ಅದೂ ಬೇಸಾಯಗಾರರದೇ. ಅಲ್ಲಿನ 35 ಜನರ ಡಿಎನ್‌ಎ ಪರೀಕ್ಷೆಯ ವಿವರ 2021ರಲ್ಲಿ ಪ್ರಕಟವಾಯಿತು. 27 ಜನ ಐದು ತಲೆಮಾರಿನ ಒಂದೇ ಕುಟುಂಬದವರು, ವಂಶ ಗಂಡಿನ ಕಡೆಯಿಂದ ಇಳಿದದ್ದು, ಮೂಲಪುರುಷ ಒಬ್ಬನೇ. ಆದರೆ ಆತನ ಜೊತೆಗೆ ನಾಲ್ವರು ಹೆಂಡಿರು. ಸಮಾಧಿಗೆ ಎರಡು ಕಡೆ ಕೋಣೆಗಳು. ಯಾರು ಯಾವ ಕಡೆಗೆ ಎಂಬುದು ಯಾವ ತಾಯಿಯ ಸಂತಾನ ಎಂಬುದರ ಮೇಲೆ ನಿಂತಿತ್ತು. ಬೇರೆ ಗಂಡಸಿಗೆ ಹುಟ್ಟಿ ತಾಯಿಯ ಜೊತೆ ಬಂದ ಮಕ್ಕಳನ್ನೂ ಒಳಗೆ ಸೇರಿಸಿಕೊಂಡಿದ್ದರು. ಅಪ್ಪನ ವಂಶ ಗಟ್ಟಿಯಾಗಿದ್ದಲ್ಲೂ ತಾಯಂದಿರು ಬರೀ ಅಡುಗೆ ಮಾಡಿಕೊಟ್ಟು ಮರೆಯಾಗಲಿಲ್ಲ.

ನಮ್ಮ ಸೀಮೆಯಲ್ಲೂ ಸತ್ತವರ ಜಾಗ ಒಂದು ಕಾಲಕ್ಕೆ ಬದಲಾಯಿತು. ಕಬ್ಬಿಣ ಬಂದ ಮೇಲೆ ಊರಾಚೆ ಕಲ್ಲಿನ ಸಮಾಧಿಗಳು ಎದ್ದವು. ರಾಜನಕೋಳೂರಿನಲ್ಲಿ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಮಾಡಿದ ಕಲ್ಮನೆಗಳನ್ನು 1840ರ ದಶಕದಿಂದ ಸುರಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಜೇವರ್ಗಿಯ ಕಲ್ಲುಗುಂಪೆಗಳನ್ನೂ ಆತ ಅಗೆಸಿದ. ಶಹಾಪುರ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಳಿವೆ. ಒಲೆಯ ಪಕ್ಕದಲ್ಲಿದ್ದ ಸತ್ತವರು ಬಯಲಿನ ಕಲ್ಲಿಗೆ ಹೋದಾಗ ಮನೆಯೊಳಗಿನ ಅಧಿಕಾರವೂ ಕೈ ಬದಲಿಸಿತೇ ಎಂದು ಕೇಳಬಹುದು. ಲೇಖಕರು ಆ ಪ್ರಶ್ನೆ ಎತ್ತಿದ್ದರೆ ನಾನು ಸಂತೋಷಪಡುತ್ತಿದ್ದೆ. ಆಮೇಲೆ ಬಂದದ್ದನ್ನೇ ಮೊದಲಿನದು ಎಂದು ಬರೆದದ್ದಕ್ಕೆ ನನ್ನ ಸಂಕಟ.

ಇಷ್ಟಕ್ಕೂ ಮನೆಯ ಹಿರಿಯರು ಯಾರೆಂದು ತಿಳಿಯಲು ಟರ್ಕಿಗೆ ಹೋಗಬೇಕಿಲ್ಲ. ನಮ್ಮ ಮನೆಯಲ್ಲಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಪೂಜೆ. ಜಗಲಿ ಸಾರಿಸಿ, ಕಂಬಳಿ ಹಾಸಿ, ಅದರ ಮೇಲೆ ಧೋತರ, ರುಮಾಲು, ಇಳಕಲ್ ಸೀರೆ, ಕುಬಸ, ಹಸಿರು ಬಳೆ ಇಡುತ್ತೇವೆ. ಸೀರೆ ಇಡದೆ ಬರೀ ಧೋತರ ಇಟ್ಟು ಪೂಜೆ ಮಾಡಿದ ಮನೆಯನ್ನು ನಮ್ಮೂರಲ್ಲಿ ನಾನು ಕಂಡಿಲ್ಲ. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ ಎಲ್ಲರಿಗೂ. ಆಮೇಲೆ ಅವರವರ ರುಚಿ: ಅಜ್ಜನಿಗೆ ಎಲೆ, ಅಡಿಕೆ, ತಂಬಾಕು, ಅತ್ತೆಯ ಅತ್ತೆಗೆ ಚಹಾ ಮತ್ತು ಚುರುಮುರಿ. ಹೆಸರು ಹಿಡಿದು ಕರೆಯುವುದು ನನ್ನ ಅತ್ತೆಯ ಪಾಲು. ಗಂಡಸರು ಕೈ ಮುಗಿದು ನಿಂತಿರುತ್ತಾರೆ, ಅವರಿಗೆ ಅಷ್ಟು ಹೆಸರು ನೆನಪಿರುವುದಿಲ್ಲ.

ಅತ್ತೆ ಕರೆಯುವ ಹೆಸರುಗಳಲ್ಲಿ ಎರಡು ಬೇರೆ ಥರದವು. ಒಂದು, ಹೆಸರಿಡುವ ಮುಂಚೆಯೇ ಹೋದ ಅವರ ಮೊದಲ ಕೂಸು. ಅದು ಹಿತ್ತಲ ಬೇವಿನ ಬುಡದಲ್ಲಿದೆ. ‘ಕೂಸೇ, ನೀನೂ ಬಾ’ ಎಂದು ಕರೆದು ಒಂದು ಬಟ್ಟಲು ಹಾಲು ಇಡುತ್ತಾರೆ. ಇನ್ನೊಂದು, 1972ರ ಬರಗಾಲದಲ್ಲಿ ಕೂಲಿ ಹುಡುಕಿಕೊಂಡು ಬಂದು, ಸಾಯುವವರೆಗೂ ನಮ್ಮ ಮನೆಯಲ್ಲೇ ಉಳಿದ ಹೆಣ್ಣುಮಗಳು. ನಮ್ಮ ಜಾತಿಯಲ್ಲ, ಬಳಗವಲ್ಲ. ನನ್ನ ಗಂಡನನ್ನು ಎತ್ತಿ ಆಡಿಸಿ ಬೆಳೆಸಿದವಳು. ಆಕೆಗೂ ಎಡೆ.

ನಿಮ್ಮ ಪುರವಣಿಯ ಲೇಖನವನ್ನು ಅತ್ತೆಗೆ ಓದಿ ಹೇಳಿದೆ. ಕೇಳಿಸಿಕೊಂಡು ಅಂದರು: ‘ಹಿರೇರು ಅಂದ್ರ ಬರೇ ಗಂಡಸ್ರೇನು, ಯವ್ವಾ? ಹಂಗಂತ ಬರದಾರೇನು ಪೇಪರಿನ್ಯಾಗ? ಈ ಮನಿಯಾಗ ಉಂಡವ್ರು, ಉಣ್ಣಾಕ ಹಾಕಿದವ್ರು ಎಲ್ಲಾರೂ ಹಿರೇರ. ನೀ ಬರಿ ಅವ್ರಿಗಿ.’ ಅದಕ್ಕೇ ಬರೆದೆ.

ನನ್ನ ಅತ್ತೆಯ ಪೂಜೆ ನಾಲ್ಕು ಸಾವಿರ ವರ್ಷದಿಂದ ಕಡಿಯದೆ ಹರಿದು ಬಂದಿದೆ ಎಂದು ನಾನು ಹೇಳಹೊರಟಿಲ್ಲ. ಹಾಗೆ ಸಾಧಿಸಲು ಬರುವುದಿಲ್ಲ, ನಡುವೆ ಎಷ್ಟು ಜನ ಬಂದರೋ ಎಷ್ಟು ಧರ್ಮ ಬಂದವೋ. ಬೇಸಾಯ ಮಾಡುವ ಸಣ್ಣ ಊರುಗಳಲ್ಲಿ ಸತ್ತವರನ್ನು ಮನೆಯವರೆಂದು ಇಟ್ಟುಕೊಳ್ಳುವ ರೀತಿ ಒಂದೇ ಇರಲಿಲ್ಲ, ಅದರಲ್ಲಿ ಹೆಣ್ಣು, ಕೂಸು, ಹೊರಗಿನಿಂದ ಬಂದವರು ಎಲ್ಲರಿಗೂ ಜಾಗವಿತ್ತು ಎಂಬುದಷ್ಟು ಎಲುಬು, ಹಲ್ಲು, ಗಡಿಗೆಗಳಿಂದಲೇ ಗೊತ್ತಾಗುತ್ತದೆ. ಗಂಡುಮಗನಿಲ್ಲದ ತಾಯಂದಿರು ‘ನಮಗ ಎಡಿ ಹಿಡಿಯಾವ್ರು ಯಾರು’ ಎಂದು ಅಳುವುದನ್ನು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಕೇಳುತ್ತೇವೆ. ಮೊದಲಿನಿಂದಲೂ ಹೀಗೇ ಇತ್ತು ಎಂದು ಪತ್ರಿಕೆಯಲ್ಲಿ ಅಚ್ಚಾದರೆ ಆ ಅಳುವಿಗೆ ಶಾಸ್ತ್ರದ ಬಲ ಬಂದಂತೆ. ಓದಲು ಬರುವ ಹೆಣ್ಣುಮಕ್ಕಳು ನಮ್ಮ ಗ್ರಂಥಾಲಯದಲ್ಲಿ ಮೊದಲು ಕೈಗೆತ್ತಿಕೊಳ್ಳುವುದು ನಿಮ್ಮ ಪತ್ರಿಕೆಯನ್ನೇ.

ಒಂದು ಬೇಡಿಕೆ ಇದೆ. ಬೂದಿದಿಬ್ಬಗಳ ಬೂದಿಯನ್ನು ಹೊಲಕ್ಕೆ ಗೊಬ್ಬರವೆಂದು ಹೇರಿಕೊಂಡು ಹೋಗುವುದು ಮೊದಲಿನಿಂದ ಇದೆ. ಬಂಡಿ ಇದ್ದಾಗ ಒಂದು ಮಾತು, ಈಗ ಟ್ರ್ಯಾಕ್ಟರು, ಜೆಸಿಬಿ. ರೈತರನ್ನು ಬೈದು ಉಪಯೋಗವಿಲ್ಲ, ಅದರಡಿ ಏನಿದೆ ಎಂದು ಅವರಿಗೆ ಕನ್ನಡದಲ್ಲಿ ಹೇಳಿದವರು ಕಡಿಮೆ. ಅಲ್ಲಿ ನಿಮ್ಮಂಥದೇ ಒಕ್ಕಲಿಗರ ಮನೆಗಳಿದ್ದವು, ಅವರ ಕೂಸುಗಳನ್ನು ಗಡಿಗೆಯಲ್ಲಿಟ್ಟು ಹೂಳಿದ್ದರು ಎಂದು ಹೇಳಿದರೆ ಸನಿಕೆ ಹಾಕಲು ನಮ್ಮ ಜನ ಹಿಂದೆ ಮುಂದೆ ನೋಡುತ್ತಾರೆ. ಬೂದಿಹಾಳ, ಕೊಡೇಕಲ್, ರಾಜನಕೋಳೂರು ಮೂರರ ಬಗ್ಗೆಯೂ ಫೋಟೊ ಸಮೇತ ಕನ್ನಡದಲ್ಲಿ ವಿವರವಾಗಿ ಬರೆಸಿ. ಮಕ್ಕಳಿಗೆ ಅರ್ಥವಾಗುವಂಥ ಫಲಕಗಳನ್ನು ಅಲ್ಲಿ ನಿಲ್ಲಿಸುವಂತೆ ಪುರಾತತ್ವ ಇಲಾಖೆಗೂ ಜಿಲ್ಲಾಡಳಿತಕ್ಕೂ ನಿಮ್ಮ ಪತ್ರಿಕೆಯ ಮೂಲಕ ಕೇಳುತ್ತಿದ್ದೇನೆ.

ವರದಿಗಾರರನ್ನು ಕಳಿಸುವುದಾದರೆ ಮಳೆ ನಿಂತ ಮೇಲೆ ಕಳಿಸಿ, ಎರೆಭೂಮಿ, ಹಸಿ ಇದ್ದಾಗ ಬೈಕು ಹೋಗುವುದಿಲ್ಲ. ಹುಣಸಗಿಯಿಂದ ಮುಂದೆ ದಾರಿ ತೋರಿಸಲು ನಮ್ಮ ಗ್ರಂಥಾಲಯಕ್ಕೆ ಓದಲು ಬರುವ ಹುಡುಗಿಯರೇ ತಯಾರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಮ ಪಂಚಾಯಿತಿ ಗ್ರಂಥಾಲಯ ಮೇಲ್ವಿಚಾರಕಿ,
ಹುಣಸಗಿ ತಾಲ್ಲೂಕು, ಯಾದಗಿರಿ ಜಿಲ್ಲೆ